ನಿಡುಗಲ್ ಸೀಮೆಗೆ ಬಂದು ನೆಲಸಿದವರು

ಯೂರೋಪಿನ ಚರಿತ್ರೆಯನ್ನು ಪಾಠ ಹೇಳುವವರು ವರ್ಷಕ್ಕೊಮ್ಮೆ ಕ್ರಿ. ಶ. ೧೬೮೫ನೆಯ ಇಸವಿಯ ಬಳಿ ಸ್ವಲ್ಪ ಹೊತ್ತು ತಂಗಬೇಕಾಗುತ್ತದೆ. ಫ್ರಾನ್ಸಿನ ದೊರೆಯಾದ ಹದಿನಾಲ್ಕನೆಯ ಲೂಯಿಯು ಆ ವರ್ಷದ ಅಕ್ಟೋಬರಿನಲ್ಲಿ, ತನ್ನ ತಾತನಾದ ನಾಲ್ಕನೆಯ ಹೆನ್ರಿಯು ೧೫೯೮ರಲ್ಲಿ ನಾಂಟ್ ನಗರದಿಂದ ಹೊರಡಿಸಿದ್ದ ಅಭಯಪತ್ರವನ್ನು ರದ್ದುಪಡಿಸಿದನು. ಪ್ರಾಟೆಸ್ಟೆಂಟ್ ಮತದವರಾದ ಹ್ಯೂಗೆನಾಟರು ಮತವನ್ನು ಬಿಡಬೇಕು, ಇಲ್ಲವೆ ರಾಜಭಟರ ಕಣ್ಣು ತಪ್ಪಿಸಿ ನಾಡನ್ನು ಬಿಡಬೇಕು. ಮೂರನೆಯ ದಾರಿ ಉಳಿಯಲಿಲ್ಲ. ಲಕ್ಷವನ್ನು ಮೀರಿದ ಮಂದಿ ನಾಡನ್ನೇ ಬಿಟ್ಟರು. ಇಂಗ್ಲಿಷಿನಲ್ಲಿ 'ರೆಫ್ಯೂಜಿ' ಎಂಬ ಮಾತು ಬಳಕೆಗೆ ಬಂದುದೇ ಇವರಿಂದ. ಬ್ರಾಂಡೆನ್‌ಬರ್ಗಿನ ಅರಸನಾದ ಫ್ರೆಡರಿಕ್ ವಿಲಿಯಂ ಅದೇ ವರ್ಷದಲ್ಲಿಯೇ ಪಾಟ್ಸ್‌ಡಾಮಿನಿಂದ ಒಂದು ಶಾಸನವನ್ನು ಹೊರಡಿಸಿ, ತನ್ನ ಸೀಮೆಗೆ ಬಂದವರಿಗೆ ಮನೆ ಕಟ್ಟಲು ಮರಮುಟ್ಟು, ಕೆಲವು ವರ್ಷಗಳ ಮಟ್ಟಿಗೆ ತೆರಿಗೆಯ ಮಾಫಿ, ತಮ್ಮದೇ ಇಗರ್ಜಿ, ತಮ್ಮದೇ ನ್ಯಾಯಸ್ಥಾನ ಇವುಗಳನ್ನು ಕೊಡುವುದಾಗಿ ಸಾರಿದನು. ಸುಮಾರು ೨೦,೦೦೦ ಮಂದಿ ಅಲ್ಲಿಗೆ ಹೋದರು. ೧೭೦೦ರ ಹೊತ್ತಿಗೆ ಬರ್ಲಿನ್ನಿನ ನಿವಾಸಿಗಳಲ್ಲಿ ಹೆಚ್ಚುಕಡಮೆ ಐವರಲ್ಲಿ ಒಬ್ಬರು ಫ್ರೆಂಚರಾಗಿದ್ದರು.

ಕೆಲವು ವರ್ಷಗಳ ಹಿಂದೆ ಈ ಪಾಠವನ್ನು ಮುಗಿಸಿ ಪುಸ್ತಕವನ್ನು ಮಡಿಸುತ್ತಿರುವಾಗ, ಹಿಂದಿನ ಬೆಂಚಿನಲ್ಲಿದ್ದ ಹುಡುಗನೊಬ್ಬನು ಎದ್ದು ನಿಂತು, "ಸಾರ್, ನಮ್ಮ ಸೀಮೆಗೆ ಹೀಗೆ ಯಾರೂ ಬರಲಿಲ್ಲವೆ?" ಎಂದು ಕೇಳಿದನು. ಅವನು ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯವನು. ನಾವು ಆ ಹೊತ್ತಿಗೆ ಏನೋ ಒಂದು ಉತ್ತರವನ್ನು ಹೇಳಿ ಮನೆಗೆ ಬಂದೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಬರ್ಲಿನ್ನಿಗೆ ಬಂದವರ ಲೆಕ್ಕವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ ನಾವು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಯಾರು ಯಾವಾಗ ಬಂದರು ಎಂಬುದನ್ನು ಒಟ್ಟಿಗೆ ಕೂಡಿಸಿ ಎಂದೂ ಯೋಚಿಸಿರಲಿಲ್ಲ. ಆ ಹುಡುಗನಿಗೆ ಅಂದು ಹೇಳಬೇಕಾಗಿದ್ದುದನ್ನು ಈಗ ಕೇಳುಗರ ಮುಂದೆ ಇಡುತ್ತಿದ್ದೇವೆ.

ಪಾವಗಡ ತಾಲ್ಲೂಕಿನಲ್ಲಿರುವ ನಿಡುಗಲ್ ಬೆಟ್ಟವನ್ನು ನೋಡಿದವರಿಗೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಡಿದಾದ ಕಲ್ಲೇ ಸರಿ. ಸುತ್ತಲೂ ಮಳೆ ಕಡಮೆಯಾದ ಬಯಲು. ಹುರುಳಿ, ನೆಲಗಡಲೆ, ರಾಗಿ ಬೆಳೆಯುವ ಕೆಂಪು ಹೊಲಗಳು. ನಡುವೆ ಕಲ್ಲುಗುಡ್ಡಗಳ ಸಾಲು. ಇಂಥ ನೆಲಕ್ಕೆ ಯಾರಾದರೂ ಆಸೆಪಟ್ಟು ಬರುವರೆ ಎಂದು ಕೇಳಬಹುದು. ಆಸೆಪಟ್ಟು ಬಂದವರು ಕಡಮೆಯೇ. ಓಡಿಬಂದವರು, ಅಟ್ಟಲ್ಪಟ್ಟವರು, ದನಕರುಗಳಿಗೆ ಮೇವು ಹುಡುಕಿಕೊಂಡು ಬಂದವರು, ದೂರದ ಪ್ರಭುವಿನ ಅಪ್ಪಣೆಯಂತೆ ಬಂದವರು, ಇವರೇ ಹೆಚ್ಚು. ಕಲ್ಲುಬೆಟ್ಟವು ಓಡಿಬಂದವನಿಗೆ ಕೋಟೆಯಾಗುತ್ತದೆ. ಬಯಲು ಮಂದೆಗೆ ಗೋಮಾಳವಾಗುತ್ತದೆ. ಕೃಷ್ಣೆ ಕಾವೇರಿಗಳ ನಡುವಣ ದಾರಿ ಇಲ್ಲಿಯೇ ಹಾಯುವುದರಿಂದ ದಂಡಿಗೆ ತಂಗುದಾಣವಾಗುತ್ತದೆ.

ಮೊದಲು ದೊರೆಗಳ ಮಾತು. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ನಿಡುಗಲ್ಲಿನಿಂದಲೂ ಹೆಂಜೇರಿನಿಂದಲೂ ಆಳಿದ ಅರಸರು ತಮ್ಮನ್ನು ಚೋಳರೆಂದು ಕರೆದುಕೊಂಡರು. ಹೆಂಜೇರೆಂದರೆ ಇಂದಿನ ಹೇಮಾವತಿ. ಅವರಿಗಿಂತ ಮುಂಚೆ ನೊಳಂಬರಿಗೆ ರಾಜಧಾನಿಯಾಗಿದ್ದ ಊರು. ಈ ಚೋಳರು ಕರಿಕಾಲನ ವಂಶದವರೆಂದೂ ಒರೆಯೂರು ಪುರವರಾಧೀಶ್ವರರೆಂದೂ ಬಿರುದುಗಳನ್ನು ಹೊತ್ತಿದ್ದರು. ಒರೆಯೂರು ಇರುವುದು ತಿರುಚಿನಾಪಳ್ಳಿಯ ಮಗ್ಗುಲಲ್ಲಿ, ಕಾವೇರಿಯ ದಡದಲ್ಲಿ. ನಿಡುಗಲ್ಲಿನ ಇರುಂಗೋಳನು ಆ ಊರನ್ನು ಕಣ್ಣಿಂದ ಕಂಡಿದ್ದನೋ ಇಲ್ಲವೋ, ಬಿರುದನ್ನು ಮಾತ್ರ ಬಿಡಲಿಲ್ಲ. ಹೊಯ್ಸಳ ವಿಷ್ಣುವರ್ಧನನ ಕಾಲದಿಂದ ಹೊಯ್ಸಳರಿಗೂ ಇವರಿಗೂ ಕಾದಾಟ ನಡೆಯುತ್ತಲೇ ಇದ್ದಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕರಿಕಾಲನ ವಂಶವೆಂದು ಹೇಳಿಕೊಂಡ ಮತ್ತೊಂದು ಮನೆತನವು ಕಡಪೆಯ ಕಡೆ ರೇನಾಡಿನಲ್ಲಿ ಆಳುತ್ತಿದ್ದಿತು. ತೆಲುಗಿನ ಅತ್ಯಂತ ಹಳೆಯ ಶಾಸನಗಳು ಆ ರೇನಾಟಿ ಚೋಳರವು. ನಿಡುಗಲ್ಲಿನ ಚೋಳರ ಶಾಸನಗಳಾದರೋ ಕನ್ನಡದಲ್ಲಿವೆ. ತಮಿಳು ನೆಲದ ಮೂಲಪುರುಷನೊಬ್ಬನನ್ನೇ ಹೇಳಿಕೊಂಡ ಎರಡು ವಂಶಗಳಲ್ಲಿ ಒಂದು ತೆಲುಗನ್ನು ಕಲ್ಲಿನಲ್ಲಿ ಕೆತ್ತಿಸಿತು, ಇನ್ನೊಂದು ಕನ್ನಡವನ್ನು ಕೆತ್ತಿಸಿತು. ಬಂದವರು ತಮ್ಮ ಮೂಲವನ್ನು ಬಿರುದಾವಳಿಯಲ್ಲಿ ಭದ್ರಪಡಿಸಿಟ್ಟುಕೊಂಡು, ವ್ಯವಹಾರವನ್ನು ಊರಿನ ಮಾತಿನಲ್ಲಿ ನಡೆಸಿದರೆಂದು ಇದರಿಂದ ತಿಳಿಯಬಹುದು. ೧೨೩೨ರಲ್ಲಿ, ಇರುಂಗೋಳನ ಆಳ್ವಿಕೆಯಲ್ಲಿ, ಗಂಗೇಯನ ಮಾರೆಯನೆಂಬ ಅಧಿಕಾರಿಯು ನಿಡುಗಲ್ ಬೆಟ್ಟದ ಮೇಲೆ ಪಾರ್ಶ್ವಜಿನನಿಗೆ ಬಸದಿಯನ್ನು ಕಟ್ಟಿಸಿದುದನ್ನು ಹೇಳುವ ಶಾಸನವಿದೆ. ಅದನ್ನು ಓದುವವನಿಗೆ, ಇವರು ಪರದೇಶದವರೆಂದು ಯಾರಾದರೂ ಎಣಿಸುತ್ತಿದ್ದರೆಂಬ ಸುಳಿವೇ ಸಿಕ್ಕುವುದಿಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ದೊರೆಯಾಗಿ ಬಂದವನನ್ನು ಪರಕೀಯನೆನ್ನುವ ಧೈರ್ಯ ಯಾವ ಕಾಲದಲ್ಲಿಯೂ ಕಡಮೆ. ಬಂದವರು ಹೇಗೆ ಬೆರೆತರೆಂಬುದನ್ನು ಅರಮನೆಯಲ್ಲಿ ಅಳೆಯಲಾಗದು. ಹೊಲದಲ್ಲಿ, ಸಂತೆಯಲ್ಲಿ ಅಳೆಯಬೇಕು.

ಚೋಳರ ತರುವಾಯ ಬಹುಕಾಲದ ಮೇಲೆ ನಿಡುಗಲ್ಲನ್ನು ಹಿಡಿದವರು ಹರತಿಯ ಪಾಳೆಯಗಾರರು. ಅವರ ಹಿರಿಯರು ಬಿಜಾಪುರದ ಕಡೆಯಿಂದ ಬಂದವರೆಂದು ಮನೆತನದ ಐತಿಹ್ಯ. ಅಂತು ಒಂದೇ ಬೆಟ್ಟಕ್ಕೆ ಒಮ್ಮೆ ತೆಂಕಣ ಕಾವೇರಿಯನ್ನು ನೆನೆಯುವ ಒಡೆಯರು, ಇನ್ನೊಮ್ಮೆ ಬಡಗಣ ಭೀಮೆಯ ಕಡೆಯನ್ನು ನೆನೆಯುವ ಒಡೆಯರು.

ಕೊರಟಗೆರೆಯ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಅದನ್ನು ಕಟ್ಟಿದವರು ಹೊಳವನಹಳ್ಳಿಯ ಗೌಡರು. ಹೊಳವನಹಳ್ಳಿಯ ಮನೆತನವು ಆವತಿಯ ಮನೆತನದ ಕವಲು. ಆವತಿಯವರ ಮೂಲವನ್ನು ಹೇಳುವ ಐತಿಹ್ಯವನ್ನು ರೈಸ್ ಮಹಾಶಯರು ಮೈಸೂರು ಗ್ಯಾಸೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಕಂಚಿಯ ಸೀಮೆಯಲ್ಲಿ ಮೊರಸು ಒಕ್ಕಲಿಗರ ಒಂದು ಕುಲ. ಅವರ ಮನೆಯ ಹೆಣ್ಣುಮಗಳಾದ ದೊಡ್ಡಮ್ಮನನ್ನು ಅಲ್ಲಿಯ ಬಲಾಢ್ಯನೊಬ್ಬನು ಬಲವಂತವಾಗಿ ಮದುವೆ ಮಾಡಿಕೊಡಿರೆಂದು ಪೀಡಿಸಿದನು. ರಾತ್ರೋರಾತ್ರಿ ಬಂಡಿ ಕಟ್ಟಿದರು. ಹೊಳೆ ತುಂಬಿ ಅಡ್ಡ ನಿಂತಾಗ ದೊಡ್ಡಮ್ಮನು ಕಿವಿಯ ಓಲೆಯನ್ನು ತೆಗೆದು ಗಂಗೆಗೆ ಅರ್ಪಿಸಿದಳು. ನೀರು ದಾರಿ ಬಿಟ್ಟಿತು. ರಣಭೈರೇಗೌಡನ ಮುಂದಾಳುತನದಲ್ಲಿ ಬಂದು ನಂದಿಯ ಬೆಟ್ಟದ ಬಳಿ ಇಳಿದ ಆ ಬಂಡಿಗಳ ಸಂತತಿಯೇ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಹೊಳವನಹಳ್ಳಿ, ಕೊರಟಗೆರೆಗಳ ಪ್ರಭುಗಳಾದದ್ದು. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನ ವಂಶವನ್ನೂ ಇದೇ ಬಂಡಿಸಾಲಿಗೆ ಸೇರಿಸಿ ಹೇಳುತ್ತಾರೆ.

ಹೊಳೆ ಇಬ್ಭಾಗವಾದುದನ್ನು ಚರಿತ್ರಕಾರನು ನಂಬಬೇಕಾಗಿಲ್ಲ. ಬಂಡಿಗಳನ್ನು ನಂಬಬಹುದು. ಆಸ್ತಿಪಾಸ್ತಿ, ಹೆಂಗಸರು, ಮಕ್ಕಳು, ಮನೆದೇವರು, ಬೀಜದ ಧಾನ್ಯ ಇವಿಷ್ಟನ್ನೂ ಬಂಡಿಯಲ್ಲಿ ಹೇರಿಕೊಂಡು ಬಂದವರು ಹಿಂದಿರುಗುವ ಎಣಿಕೆಯಿಂದ ಬಂದವರಲ್ಲ. ಬಂದವರು ಮೊದಲು ಕಾಡು ಕಡಿದರು, ಕೆರೆ ಕಟ್ಟಿದರು, ಆಮೇಲೆ ಕೋಟೆ ಹಾಕಿದರು. ತಮ್ಮ ಕುಲದ ನಡವಳಿಕೆಗಳನ್ನು ಕೂಡಲೇ ಬಿಟ್ಟುಕೊಡಲೂ ಇಲ್ಲ. ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ ಹೆಂಗಸರ ಬೆರಳು ಕೊಡುವ ಕ್ರೂರಪದ್ಧತಿಯು, ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರ ತಡೆಯುವವರೆಗೂ ನಡೆದುಬಂದಿತು. ಬಂದವರು ತಂದದ್ದೆಲ್ಲವೂ ಉಳಿಸಿಕೊಳ್ಳತಕ್ಕದ್ದೆಂದು ಭಾವಿಸಬಾರದು. ಇದ್ದವರ ಆಚಾರಗಳ ವಿಷಯದಲ್ಲಿಯೂ ಅದೇ ಮಾತು.

ಇನ್ನು ನಮ್ಮ ವಿದ್ಯಾರ್ಥಿಯ ಕುಲದವರ ಮಾತು. ಶಿರಾ, ಮಧುಗಿರಿ, ಪಾವಗಡಗಳಲ್ಲಿಯೂ ಚಿತ್ರದುರ್ಗದ ಕಡೆಯಲ್ಲಿಯೂ ಹರಡಿಕೊಂಡಿರುವ ಕಾಡುಗೊಲ್ಲರು ತಮ್ಮ ಪೂರ್ವಿಕರು ಬಡಗನಾಡಿನಿಂದ ದನಕರು ಹೊಡೆದುಕೊಂಡು ಬಂದವರೆಂದು ಹೇಳುತ್ತಾರೆ. ಅವರ ಮಾತು ಕನ್ನಡ. ಅದರಲ್ಲಿಯೂ ಪೇಟೆಯವರಿಗೆ ಮರೆತುಹೋದ ಎಷ್ಟೋ ಪದಗಳುಳ್ಳ ಹದವಾದ ಕನ್ನಡ. ಅವರ ವೀರನಾದ ಜುಂಜಪ್ಪನ ಗುಡ್ಡ ಶಿರಾ ತಾಲ್ಲೂಕಿನಲ್ಲಿಯೇ ಇದೆ. ಆಳೆತ್ತರದ ಗಣೆಯನ್ನು ಊದುತ್ತ ರಾತ್ರಿಯೆಲ್ಲ ಅವನ ಕಥೆಯನ್ನು ಹಾಡುವುದನ್ನು ಕೇಳಿದವರು ಅದನ್ನು ಮರೆಯಲಾರರು. ಇಷ್ಟಾದರೂ ಇವರು ವಾಸಮಾಡುವುದು ಊರಿನೊಳಗಲ್ಲ, ಹಟ್ಟಿಯಲ್ಲಿ. ಊರು ಬೇರೆ, ಹಟ್ಟಿ ಬೇರೆ. ಹಿಂದೆ ನಡುವೆ ಒಂದು ಮುಳ್ಳುಬೇಲಿಯೂ ಇರುತ್ತಿದ್ದಿತು.

ಬೇಲಿಯನ್ನು ದಾಟಿಸಿದ್ದು ಯಾವುದು? ನಾವು ಬಲ್ಲಮಟ್ಟಿಗೆ ಗೊಬ್ಬರ. ಬೇಸಗೆಯಲ್ಲಿ ರೈತನು ಮಂದೆಯವರನ್ನು ಕರೆದು, ಬಿತ್ತನೆಗೆ ಮೊದಲು ತನ್ನ ಹೊಲದಲ್ಲಿ ಕುರಿಮಂದೆ ತಂಗಿಸಿಕೊಳ್ಳುತ್ತಾನೆ. ಅದಕ್ಕೆ ಧಾನ್ಯವನ್ನೋ ಹಣವನ್ನೋ ಅಳೆಯುತ್ತಾನೆ. ಹಾಲು, ತುಪ್ಪ, ಉಣ್ಣೆ ಸಂತೆಗೆ ಹೋಗುತ್ತವೆ. ರಾಗಿ, ಉಪ್ಪು, ಕಬ್ಬಿಣ ಹಟ್ಟಿಗೆ ಬರುತ್ತವೆ. ನೂರಾರು ವರ್ಷ ಹೀಗೆ ನಡೆದರೂ ಒಂದೇ ಪಂಕ್ತಿಯಲ್ಲಿ ಊಟವೆಂಬುದು ಹುಟ್ಟಲಿಲ್ಲ ಎಂಬುದನ್ನೂ ಮುಚ್ಚಿಡಲಾಗದು. ನಮ್ಮ ನಾಡಿನಲ್ಲಿ ಬಂದವರನ್ನು ಓಡಿಸಿದ್ದು ಕಡಮೆ. ಆದರೆ ಬಂದವರಿಗೊಂದು ಕೇರಿಯನ್ನೋ ಹಟ್ಟಿಯನ್ನೋ ಗೊತ್ತುಮಾಡಿ, ಅಲ್ಲಿಯೇ ಇರಿ ಎಂದದ್ದು ಹೆಚ್ಚು. ಪಾಟ್ಸ್‌ಡಾಮಿನ ದೊರೆಯು ಬರೆದುಕೊಟ್ಟ ರಿಯಾಯಿತಿಗಳು ಇಲ್ಲಿ ಬರೆಯದೆಯೇ ದೊರೆಯುತ್ತಿದ್ದುವು: ತಮ್ಮ ದೇವರು, ತಮ್ಮ ಕಟ್ಟೆಮನೆ, ತಮ್ಮ ನ್ಯಾಯ. ಆದರೆ ಅಲ್ಲಿ ಮೊಮ್ಮಕ್ಕಳ ಕಾಲಕ್ಕೆ ತೆರೆದ ಬಾಗಿಲು ಇಲ್ಲಿ ಹಾಗೆ ತೆರೆಯಲಿಲ್ಲ.

ಶಿರಾದ ಕಥೆಯೇ ಈ ಸೀಮೆಯ ದೊಡ್ಡ ಕಥೆ. ರತ್ನಗಿರಿಯ ರಂಗಪ್ಪನಾಯಕನು ಅಲ್ಲಿ ಕೋಟೆ ಕಟ್ಟಿಸಲು ತೊಡಗಿದನೆಂದೂ, ಅದು ಮುಗಿಯುವ ಮುನ್ನವೇ ೧೬೩೮ರಲ್ಲಿ ಬಿಜಾಪುರದ ಸೇನಾನಿಯಾದ ರಣದುಲ್ಲಾಖಾನನು ಅದನ್ನು ಹಿಡಿದನೆಂದೂ ಹೇಳುತ್ತಾರೆ. ಬಿಜಾಪುರದ ಆಡಳಿತದೊಡನೆ ದಖನಿ ಮಾತನಾಡುವ ಸಿಪಾಯಿಗಳೂ ಮರಾಠಿ ಬರೆಯುವ ಲೆಕ್ಕಿಗರೂ ಬಂದರು. ಆ ಕಾಲದ ಅಧಿಕಾರಿಯಾದ ಮಲಿಕ್ ರಿಹಾನನು ೧೬೫೧ರಲ್ಲಿ ತೀರಿಕೊಂಡನು. ಅವನ ಗೋರಿ ಶಿರಾದಲ್ಲಿ ಈಗಲೂ ನೋಡತಕ್ಕ ಕಟ್ಟಡ. ೧೬೮೭ರಲ್ಲಿ, ಎಂದರೆ ಹ್ಯೂಗೆನಾಟರು ಬರ್ಲಿನ್ನಿನಲ್ಲಿ ಮನೆ ಕಟ್ಟಿಕೊಳ್ಳುತ್ತಿದ್ದ ವರ್ಷಗಳಲ್ಲಿಯೇ, ಔರಂಗಜೇಬನ ಸೈನ್ಯ ಬಂದಿತು. ತುಂಗಭದ್ರೆಯ ದಕ್ಷಿಣದ ಸೀಮೆಗೆಲ್ಲ ಶಿರಾ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಅದರ ಅಧೀನ. ಚಿತ್ರದುರ್ಗ, ಬಿದನೂರು, ಮೈಸೂರುಗಳು ಸಹ ಅದರ ಕಾಣಿಕೆದಾರರ ಪಟ್ಟಿಯಲ್ಲಿದ್ದುವು. ಕಾಸಿಂಖಾನನು ಮೊದಲನೆಯ ಅಧಿಕಾರಿ. ಒಂಬತ್ತು ವರ್ಷಗಳಲ್ಲಿ, ೧೬೯೬ರಲ್ಲಿ, ಜುಮ್ಮಾ ಮಸೀದಿ ಎದ್ದಿತು. ಹದಿನೆಂಟನೆಯ ಶತಮಾನದ ಎರಡನೆಯ ಪಾದದಲ್ಲಿ ದಿಲಾವರಖಾನನ ಕಾಲಕ್ಕೆ ಶಿರಾದಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂಬ ಹೇಳಿಕೆಯಿದೆ. ಇದು ಹೆಚ್ಚಾಯಿತೆಂದು ನಮ್ಮ ಅಭಿಪ್ರಾಯ. ಆದರೆ ಅದರಲ್ಲಿ ಅರ್ಧವನ್ನು, ಕಾಲುಭಾಗವನ್ನು ಹಿಡಿದರೂ, ಇಂದು ಬೆಂಗಳೂರಿಗೆ ನಾಲ್ಕು ದಿಕ್ಕುಗಳಿಂದ ಜನ ಬರುವಂತೆ ಅಂದು ಶಿರಾಕ್ಕೆ ಬರುತ್ತಿದ್ದರೆಂದು ತಿಳಿಯಬಹುದು. ದಿಲಾವರಖಾನನ ಅರಮನೆಯನ್ನು ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳನ್ನು ಕಟ್ಟಿಸಿದರೆಂದೂ, ಶಿರಾದ ಖಾನ್ ಬಾಗ್ ತೋಟವೇ ಲಾಲ್‌ಬಾಗಿಗೆ ಮಾದರಿಯಾಯಿತೆಂದೂ ಗ್ಯಾಸೆಟಿಯರು ಹೇಳುತ್ತದೆ.

ಹೀಗೆ ಬಂದವರಲ್ಲಿ ಒಂದು ಕುಟುಂಬದ ಜಾಡನ್ನು ಚರಿತ್ರಕಾರ ವಿಲ್ಕ್ಸ್ ಕೊಟ್ಟಿದ್ದಾನೆ. ಮಹಮ್ಮದ್ ಬಹಲೋಲನೆಂಬ ಧಾರ್ಮಿಕ ಪುರುಷನೊಬ್ಬನು ಪಂಜಾಬಿನಿಂದ ಇಬ್ಬರು ಮಕ್ಕಳೊಡನೆ ತೆಂಕಣಕ್ಕೆ ಬಂದು ಕಲಬುರಗಿಯ ಬಳಿಯ ಆಳಂದದಲ್ಲಿ ನೆಲಸಿದನು. ಮಕ್ಕಳು ಹೊಟ್ಟೆಪಾಡಿಗಾಗಿ ಶಿರಾಕ್ಕೆ ಬಂದು ಸುಂಕದ ಕಟ್ಟೆಯಲ್ಲಿ ಜವಾನರಾದರು. ಅಲ್ಲಿಂದ ಕೋಲಾರದ ಕಡೆಗೆ ಹೋದಾಗ ಒಬ್ಬ ಅಣ್ಣತಮ್ಮನು ತೀರಿಕೊಂಡನು. ಉಳಿದವನು ಸತ್ತವನ ಸ್ವತ್ತನ್ನು ಹಿಡಿದುಕೊಂಡು ವಿಧವೆಯನ್ನೂ ಮಗುವನ್ನೂ ಹೊರಗೆ ಹಾಕಿದನು. ಕೋಲಾರದ ಜವಾನರ ನಾಯಕನೊಬ್ಬನು, ನೆಂಟನಲ್ಲ, ಆ ತಾಯಿಮಗನಿಗೆ ಮನೆಯಲ್ಲಿ ಎಡೆಕೊಟ್ಟು ಸಾಕಿದನು. ಆ ಮಗುವೇ ಫತೆ ಮಹಮ್ಮದ್. ದೊಡ್ಡವನಾಗಿ ಶಿರಾದ ಸುಬೇದಾರನ ಸೈನ್ಯದಲ್ಲಿ ಹೆಸರು ಪಡೆದು ಬೂದಿಕೋಟೆಯ ಜಹಗೀರನ್ನು ಗಳಿಸಿದನು. ಅಲ್ಲಿ ಹುಟ್ಟಿದ ಮಗ ಹೈದರಾಲಿ. ೧೭೬೧ರಲ್ಲಿ ಬಸಾಲತ್ ಜಂಗನು ಹೈದರಾಲಿಗೆ ಶಿರಾದ ನವಾಬನೆಂಬ ಪದವಿಯನ್ನು ಕೊಟ್ಟನು. ಯಾವ ಊರಿನ ಸುಂಕದ ಕಟ್ಟೆಯಲ್ಲಿ ತಾತನು ಕೋಲು ಹಿಡಿದು ನಿಂತಿದ್ದನೋ ಆ ಊರಿಗೆ ಮೊಮ್ಮಗನು ನವಾಬನಾದನು. ಯೂರೋಪಿನ ಯಾವ ವಲಸೆಯ ಕಥೆಯಲ್ಲಿಯೂ ಇದಕ್ಕಿಂತ ವಿಚಿತ್ರವಾದುದನ್ನು ನಾವು ಓದಿಲ್ಲ. ಆ ಜವಾನರ ನಾಯಕನ ಹೆಸರು ಲೋಕಕ್ಕೆ ಪರಿಚಿತವಲ್ಲ. ನಮ್ಮ ದೃಷ್ಟಿಯಲ್ಲಿ ಈ ಕಥೆಯ ಮುಖ್ಯ ವ್ಯಕ್ತಿ ಅವನೇ. ಬಂದವರು ನೆಲಸುವುದು ರಾಜಶಾಸನದಿಂದಲ್ಲ, ಮಳೆಯಲ್ಲಿ ನಿಂತವರನ್ನು ಜಗಲಿಗೆ ಕರೆಯುವ ಇಂಥವರಿಂದ.

ಆದರೆ ಇದರ ಮುಂದಿನ ಅಧ್ಯಾಯ ಸಂತೋಷದ್ದಲ್ಲ. ಶಿರಾ ೧೭೬೬ರಲ್ಲಿ ಮರಾಠರ ವಶವಾಯಿತು. ೧೭೭೪ರಲ್ಲಿ ಟಿಪ್ಪು ಅದನ್ನು ಮತ್ತೆ ಗೆದ್ದನು. ಬಳಿಕ ಶ್ರೀರಂಗಪಟ್ಟಣದ ದ್ವೀಪದಲ್ಲಿ ಶಹರ್ ಗಂಜಾಮೆಂಬ ಹೊಸ ಪೇಟೆಯನ್ನು ತುಂಬಿಸುವುದಕ್ಕಾಗಿ ಶಿರಾದಿಂದ ೧೨,೦೦೦ ಕುಟುಂಬಗಳನ್ನು ಬಲವಂತವಾಗಿ ಸಾಗಿಸಲಾಯಿತೆಂದು ರೈಸ್ ಬರೆದಿದ್ದಾರೆ. ಈ ಅಂಕಿಯನ್ನೂ ನಾವು ಅಕ್ಷರಶಃ ಹಿಡಿಯಬೇಕಾಗಿಲ್ಲ. ಆದರೆ ಒಂದು ಊರಿನ ನೇಯುವವರು, ವ್ಯಾಪಾರಿಗಳು, ಕುಶಲಕರ್ಮಿಗಳು ಮಗ್ಗ ತಕ್ಕಡಿಗಳನ್ನು ಹೇರಿಕೊಂಡು ಕಾವೇರಿಯ ಕಡೆಗೆ ನಡೆದ ಆ ದಿನಗಳನ್ನು ಊಹಿಸಿಕೊಳ್ಳಿ. ಮೂರು ತಲೆಮಾರುಗಳ ಹಿಂದೆ ಬಂದು ನೆಲಸಿದ್ದವರು ಮತ್ತೆ ಹೊಸಬರಾದರು. ಹಾಗೆ ಹೋದವರಲ್ಲಿ ಯಾರ ತಾತ ಶಿರಾದವನು, ಯಾರ ತಾತ ಹೊರಗಿನವನು ಎಂದು ದಾರಿಯಲ್ಲಿ ಯಾರೂ ಕೇಳಿರಲಾರರು. ೧೮೦೦ರಲ್ಲಿ ಬುಕಾನನ್ ಈ ದಾರಿಯಾಗಿ ಬಂದಾಗ ಶಿರಾ ತನ್ನ ವೈಭವವನ್ನು ಕಳೆದುಕೊಂಡ ಊರಾಗಿದ್ದಿತು. ಗಂಜಾಮು ಇಂದಿಗೂ ಇದೆ. ಶ್ರೀರಂಗಪಟ್ಟಣಕ್ಕೆ ಹೋಗುವ ಯಾತ್ರಿಕರಲ್ಲಿ ಅದು ಶಿರಾದ ಒಂದು ತುಂಡೆಂದು ಬಲ್ಲವರು ವಿರಳ.

ಹಾಗಾದರೆ ಆ ನೂರು ವರ್ಷಗಳ ಸುಬೇದಾರಿಯಿಂದ ಉಳಿದದ್ದು ಏನು? ಸುಬೇದಾರರು ಉಳಿಯಲಿಲ್ಲ. ದರ್ಬಾರಿನೊಡನೆ ಬಂದವರು ದರ್ಬಾರಿನೊಡನೆ ಹೋದರು. ಅವರಿಗೆ ಹೊಲವಿರಲಿಲ್ಲ, ಕೆರೆಯ ನೀರಿನಲ್ಲಿ ಪಾಲಿರಲಿಲ್ಲ. ಇದ್ದದ್ದು ಸನ್ನದು ಮಾತ್ರ. ಉಳಿದವರು ಸಣ್ಣ ಜನ: ಹಳ್ಳಿಯಲ್ಲಿ ಇನಾಮು ಪಡೆದು ಆರಂಭಕ್ಕಿಳಿದವರು, ಲಾಳ ಕಟ್ಟುವವರು, ಬಣ್ಣ ಹಾಕುವವರು, ಬಟ್ಟೆ ಹೊಲಿಯುವವರು, ಬಳೆ ತೊಡಿಸುವವರು. ಮಾತುಗಳೂ ಉಳಿದುವು. ನಮ್ಮ ರೈತನು ಬೆಳಗಾಗೆದ್ದು ತಾಲ್ಲೂಕು ಕಚೇರಿಗೆ ಹೋಗಿ, ಜಮೀನಿನ ದರ್ಖಾಸ್ತಿನ ವಿಷಯವಾಗಿ ಶಿರಸ್ತೆದಾರರನ್ನು ಕಂಡು, ಬಾಕಿ ಕಟ್ಟಿ, ರಸೀದಿ ಪಡೆದು, ಫಸಲು ನೋಡಲು ಹಿಂದಿರುಗುತ್ತಾನೆ. ಈ ವಾಕ್ಯದಲ್ಲಿ ರೈತನೆಂಬ ಮಾತೂ ಸೇರಿ ಎಷ್ಟು ಪದಗಳು ಪಾರಸಿ ಅರಬ್ಬಿಗಳಿಂದ ಬಂದುವೆಂಬುದನ್ನು ಎಣಿಸಿದರೆ ಸೋಜಿಗವಾಗುತ್ತದೆ. ಅಚ್ಚಗನ್ನಡದ ಅಭಿಮಾನಿಗಳು ಇವುಗಳನ್ನು ಹೊರಹಾಕಬೇಕೆಂದು ಆಗಾಗ್ಗೆ ಹೇಳುತ್ತಾರೆ. ಹೊರಹಾಕಿದರೆ ಆ ರೈತನು ಕಚೇರಿಯಲ್ಲಿ ಮೂಕನಾಗಿ ನಿಲ್ಲಬೇಕಾದೀತು.

ಬರ್ಲಿನ್ನಿನ ಫ್ರೆಂಚರು ಮೂರು ನಾಲ್ಕು ತಲೆಮಾರುಗಳಲ್ಲಿ ಜರ್ಮನರೇ ಆಗಿಹೋದರು. ೧೬೮೯ರಲ್ಲಿ ಅವರಿಗಾಗಿ ಸ್ಥಾಪನೆಯಾದ ಫ್ರೆಂಚ್ ಪಾಠಶಾಲೆ ಈಗಲೂ ನಡೆಯುತ್ತಿದೆ. ಮನೆಯ ಮಾತಾಗಿ ಫ್ರೆಂಚ್ ಹೋಯಿತು. ಯೂರೋಪಿನ ವಿದ್ವಾಂಸರು ಅನೇಕರು ಇದನ್ನೇ ಸರಿಯಾದ ಅಳತೆಗೋಲೆಂದು ಭಾವಿಸಿದಂತೆ ತೋರುತ್ತದೆ: ಬಂದವನು ತನ್ನ ಮಾತನ್ನು ಬಿಟ್ಟು ನಮ್ಮ ಮಾತನ್ನು ಹಿಡಿದ ದಿನ ನಮ್ಮವನಾದ. ನಮ್ಮ ಸೀಮೆಯನ್ನು ಈ ಕೋಲಿನಿಂದ ಅಳೆದರೆ ಲೆಕ್ಕವೇ ತಪ್ಪುತ್ತದೆ. ಶಿರಾದ ಮುಸಲ್ಮಾನ ಕುಟುಂಬಗಳಲ್ಲಿ ಮುನ್ನೂರು ವರ್ಷಗಳಾದರೂ ಮನೆಯಲ್ಲಿ ದಖನಿ. ಅಂಗಡಿಗೆ ಬಂದರೆ ನಮ್ಮಷ್ಟೇ ಕನ್ನಡ, ಬೈಗುಳಕ್ಕಂತೂ ನಮಗಿಂತ ಒಳ್ಳೆಯ ಕನ್ನಡ. ಪಾವಗಡದ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ರಾಗಿಯ ಹೊಲದಲ್ಲಿ ನಮ್ಮವರು ಅಕ್ಕಡಿ ಸಾಲು ಬಿಡುತ್ತಾರೆ. ಅವರೆ, ಜೋಳ, ಹುಚ್ಚೆಳ್ಳುಗಳನ್ನು ಬಿತ್ತುತ್ತಾರೆ. ಅವರೆಯು ರಾಗಿಯಾಗಲಿಲ್ಲವೆಂದು ಯಾವ ಒಕ್ಕಲಿಗನೂ ಕೊರಗಿದ್ದನ್ನು ನಾವು ಕಾಣೆವು. ಮಳೆ ಕೈಕೊಟ್ಟ ವರ್ಷ ರಾಗಿ ಒಣಗಿದರೂ ಆ ಸಾಲಿನಿಂದ ಒಂದಿಷ್ಟು ಕಾಳು ಮನೆಗೆ ಬರುತ್ತದೆ.

ಇಂಗ್ಲೆಂಡಿನಲ್ಲಿಯೂ ಇಂಥದಕ್ಕೆ ಒಂದು ಸಾಕ್ಷಿಯಿದೆ. ಲಂಡನ್ನಿನ ಬ್ರಿಕ್ ಲೇನ್ ಎಂಬ ಬೀದಿಯಲ್ಲಿ ಹ್ಯೂಗೆನಾಟ್ ರೇಷ್ಮೆ ನೇಯುವವರ ಕೇರಿಯವರು ೧೭೪೩ರಲ್ಲಿ ಒಂದು ಇಗರ್ಜಿ ಕಟ್ಟಿದರು. ಅವರು ಸುತ್ತಲಿನ ಜನದಲ್ಲಿ ಬೆರೆತುಹೋದ ಮೇಲೆ ಅದು ಮೆಥಾಡಿಸ್ಟರ ಪ್ರಾರ್ಥನಾಮಂದಿರವಾಯಿತು. ೧೮೯೮ರಲ್ಲಿ, ರಷ್ಯಾದ ಕಡೆಯಿಂದ ಓಡಿಬಂದ ಯೆಹೂದ್ಯರ ಮಂದಿರವಾಯಿತು. ೧೯೭೬ರಲ್ಲಿ, ಬಂಗಾಳದಿಂದ ಬಂದವರ ಮಸೀದಿಯಾಯಿತು. ಗೋಡೆ ಅದೇ, ಇಟ್ಟಿಗೆ ಅದೇ. ಪ್ರತಿಯ ಬಾರಿಯೂ ಆ ಬೀದಿಯಲ್ಲಿ ಮೊದಲು ಬಂದವರು ಆಮೇಲೆ ಬಂದವರನ್ನು ಕಂಡು ಮುಖ ಸಿಂಡರಿಸಿರಬೇಕೆಂದು ಊಹಿಸಲು ಹೆಚ್ಚು ವಿದ್ವತ್ತು ಬೇಕಾಗಿಲ್ಲ.

ಪಾವಗಡದ ವಿಷಯದಲ್ಲಿ ಇನ್ನೊಂದು ತೊಡಕು. ಜನ ಗಡಿಯನ್ನು ದಾಟಿ ಬರುವುದುಂಟು. ಗಡಿಯೇ ಜನರನ್ನು ದಾಟಿಹೋಗುವುದೂ ಉಂಟು. ಪಾವಗಡ ತಾಲ್ಲೂಕಿಗೆ ಮೂರು ದಿಕ್ಕಿನಲ್ಲಿ ಆಂಧ್ರದ ನೆಲ. ಕಂಪೆನಿಯ ಸರ್ಕಾರವೂ ಮೈಸೂರೂ ಸೀಮೆಯನ್ನು ಹಂಚಿಕೊಂಡಾಗ ತೆಲುಗಾಡುವ ಹಳ್ಳಿಗಳು ಮೈಸೂರಿಗೆ ಉಳಿದುವು; ನೊಳಂಬರ ರಾಜಧಾನಿಯಾಗಿ ಕನ್ನಡ ಶಾಸನಗಳಿಂದ ತುಂಬಿದ ಹೇಮಾವತಿ ಮದರಾಸಿನ ಅನಂತಪುರದ ಪಾಲಾಯಿತು. ೧೯೫೩ರಲ್ಲಿ ಅದು ಆಂಧ್ರರಾಜ್ಯಕ್ಕೆ ಹೋಯಿತು. ಮಡಕಶಿರಾದ ಕನ್ನಡಿಗನೂ ಪಾವಗಡದ ತೆಲುಗನೂ ತಾವಿದ್ದ ಜಗಲಿಯಿಂದ ಏಳದೆಯೇ ಅಲ್ಪಸಂಖ್ಯಾತರಾದರು. ಇಂಥವರನ್ನು 'ನೀವು ಎಲ್ಲಿಂದ ಬಂದಿರಿ?' ಎಂದು ಕೇಳುವುದು ಯಾವ ನ್ಯಾಯ?

ಈ ಮಾತನ್ನು ನಾವು ತುಸು ಬಿಸಿಯಾಗಿ ಹೇಳಿದ್ದರೆ ಅದಕ್ಕೆ ಕಾರಣವಿದೆ. ನಮ್ಮ ಮನೆಯ ಮಾತೂ ತೆಲುಗು. ಹಿರಿಯರು ಯಾವ ತಲೆಮಾರಿನಲ್ಲಿ ಪಾವಗಡದ ಸೀಮೆಗೆ ಬಂದರೋ ನಮಗೆ ತಿಳಿಯದು. ಲೆಕ್ಕದ ಕಡತಗಳೆಲ್ಲ ಕನ್ನಡದಲ್ಲಿವೆ, ಅಜ್ಜಿಯ ಲಾಲಿಹಾಡೆಲ್ಲ ತೆಲುಗಿನಲ್ಲಿತ್ತು. ಒಮ್ಮೆ ಒಂದು ಸಭೆಯಲ್ಲಿ ನಾವು ಕನ್ನಡ ಶಾಸನಗಳನ್ನು ಕುರಿತು ಮಾತನಾಡಿ ಇಳಿದಾಗ, ಗಣ್ಯರೊಬ್ಬರು ಬೆನ್ನು ತಟ್ಟಿ, "ಕನ್ನಡದವರಲ್ಲದಿದ್ದರೂ ಕನ್ನಡದ ಮೇಲೆ ನಿಮಗೆ ಎಷ್ಟು ಅಭಿಮಾನ!" ಎಂದು ಹೊಗಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಂದು ರಾತ್ರಿ ನಮಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಆಗ ನೆನಪಿಗೆ ಬಂದದ್ದು ೧೯೯೧ರ ಜನಗಣತಿ. ನಾವಿನ್ನೂ ಹುಡುಗರು. ಗಣತಿಗೆ ಬಂದವರು ಶಾಲೆಯ ಮೇಷ್ಟರು, ಶಿರಾದ ಕಡೆಯವರು. ಬಿಸಿಲಿನಲ್ಲಿ ಬಂದಿದ್ದರು. ತಾಯಿ ಮಜ್ಜಿಗೆ ಕೊಟ್ಟರು. ಮೇಷ್ಟರು ಜಗಲಿಯಲ್ಲಿ ಕುಳಿತು ಕಾಗದಗಳನ್ನು ಹರಡಿಕೊಂಡು ಒಂದೊಂದೇ ಪ್ರಶ್ನೆಯನ್ನು ಓದಿದರು. ಮನೆಮಾತು ಯಾವುದೆಂದು ಕೇಳಿದಾಗ ನಮ್ಮ ತಂದೆಯವರು ಕ್ಷಣಕಾಲ ಸುಮ್ಮನಿದ್ದು, "ಹೇಗೆ ಬರೆಯುತ್ತೀರೋ ಬರೆಯಿರಿ ಮೇಷ್ಟ್ರೆ. ಅಡುಗೆಮನೆಯಲ್ಲಿ ತೆಲುಗು, ನಡುಮನೆಯಲ್ಲಿ ಕನ್ನಡ" ಎಂದರು. ಮೇಷ್ಟರು ನಕ್ಕು, "ನಮ್ಮ ಮನೆಯಲ್ಲಿ ಉರ್ದು ಸ್ವಾಮಿ. ಆದರೆ ನಮ್ಮ ತಾಯಿ ಕೋಳಿ ಕರೆಯುವುದು ಮಾತ್ರ ಕನ್ನಡದಲ್ಲಿ, ಬೇರೆ ಮಾತಿನಲ್ಲಿ ಕರೆದರೆ ಅವು ಬರುವುದಿಲ್ಲವಂತೆ" ಎಂದರು. ಆಮೇಲೆ ದುಂಡಾದ ಕನ್ನಡ ಅಕ್ಷರಗಳಲ್ಲಿ 'ತೆಲುಗು' ಎಂದು ಬರೆದರು. ತಿಳಿದ ಇತರ ಭಾಷೆಗಳೆಂಬ ಕಡೆಯಲ್ಲಿ 'ಕನ್ನಡ' ಎಂದು ಬರೆದರು. ಇನ್ನೊಂದು ಲೋಟ ಮಜ್ಜಿಗೆ ಕುಡಿದು, ಕೊಡೆಯನ್ನು ಬಿಚ್ಚಿಕೊಂಡು ಪಕ್ಕದ ಮನೆಗೆ ಹೋದರು.